ಕನ್ಸೋಲ್ ಯುದ್ಧದ ನಿವೃತ್ತ ಕಾಲಾಳುವಿನ ಪಿಂಚಣಿ ಅರ್ಜಿ

ಇಂದ:
ಒಬ್ಬ ಕಾಲಾಳು, ಬೆಂಗಳೂರು ರಣರಂಗ

ಗೆ:
ಸೋನಿ, ಮೈಕ್ರೋಸಾಫ್ಟ್ ಮತ್ತು ನಿಂಟೆಂಡೊ ಕಂಪನಿಗಳ ಮಾನ್ಯ ಆಡಳಿತ ಮಂಡಳಿಗಳು

ವಿಷಯ: ಕನ್ಸೋಲ್ ಯುದ್ಧದಲ್ಲಿ ಸಲ್ಲಿಸಿದ ಸುದೀರ್ಘ ಸೇವೆಗೆ ಪಿಂಚಣಿ, ತಪ್ಪಿದಲ್ಲಿ ರಿಲೀವಿಂಗ್ ಲೆಟರ್ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, 2025ರ ಅಕ್ಟೋಬರ್ 24ರಂದು ಸಿಯಾಟಲ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಹೇಲೋ’ ಆಟ ಸೋನಿಯ ಪ್ಲೇಸ್ಟೇಷನ್‌ಗೂ ಬರುತ್ತದೆಂದು ಘೋಷಣೆಯಾದಾಗ ನಾನಿನ್ನೂ ಕಂದಕದಲ್ಲೇ ಇದ್ದೆ. ಯುದ್ಧ ಮುಗಿದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಹೇಲೋ ಎಂದರೆ ಹತ್ತರಲ್ಲಿ ಹನ್ನೊಂದನೆಯ ಆಟವಲ್ಲ. 2001ರಲ್ಲಿ ಎಕ್ಸ್‌ಬಾಕ್ಸ್ ಎಂಬ ಕಪ್ಪು ಪೆಟ್ಟಿಗೆ ಅಮೆರಿಕದ ಮನೆಗಳನ್ನು ಹೊಕ್ಕಿದ್ದೇ ಅದರ ಹೆಗಲೇರಿ. ವಾದದಲ್ಲಿ ಸೋಲುವ ಹೊತ್ತಿಗೆ ಎಕ್ಸ್‌ಬಾಕ್ಸ್‌ನ ಹಸಿರು ಬಣ ಹೊರತೆಗೆಯುತ್ತಿದ್ದ ಬ್ರಹ್ಮಾಸ್ತ್ರ ಅದು. ಈಗ ನೋಡಿದರೆ, 2025ರ ಆಗಸ್ಟ್‌ನಲ್ಲೇ ಸೋನಿಯವರ ‘ಹೆಲ್‌ಡೈವರ್ಸ್ 2’ ಎಕ್ಸ್‌ಬಾಕ್ಸ್‌ಗೆ ಬಂದು ಆಗಿತ್ತು. ಒಂದು ಈ ಕಡೆ, ಒಂದು ಆ ಕಡೆ. ನಮ್ಮಲ್ಲಿ ಇದಕ್ಕೆ ಕೊಟ್ಟು ತಂದ ಸಂಬಂಧ ಅನ್ನುತ್ತಾರೆ. ಒಳಗೆ ಬೀಗರು ಎಲೆ ಹಾಕಿಸಿಕೊಂಡು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದಾರೆ. ಚಪ್ಪರದ ಹೊರಗೆ ಎರಡೂ ಕಡೆಯ ಹುಡುಗರು ಇನ್ನೂ ಕಾಲರ್ ಹಿಡಿದುಕೊಂಡು ನಿಂತಿದ್ದೇವೆ.

ಹಿರೂ ಒನೊಡಾ ಎಂಬ ಜಪಾನಿ ಸೈನಿಕ ಎರಡನೇ ಮಹಾಯುದ್ಧ ಮುಗಿದದ್ದನ್ನು ನಂಬದೆ ಫಿಲಿಪೀನ್ಸ್‌ನ ಲುಬಾಂಗ್ ದ್ವೀಪದ ಕಾಡಿನಲ್ಲಿ 1974ರವರೆಗೆ ಅಡಗಿದ್ದ. ಅಷ್ಟರಲ್ಲಿ ಪುಸ್ತಕ ವ್ಯಾಪಾರಕ್ಕಿಳಿದಿದ್ದ ಅವನ ಹಳೆಯ ಮೇಜರ್ ಖುದ್ದಾಗಿ ಹೋಗಿ ಆದೇಶ ಹಿಂತೆಗೆದುಕೊಂಡ ಮೇಲೆಯೇ ಅವನು ಬಂದೂಕು ಕೆಳಗಿಟ್ಟಿದ್ದು. ನಮ್ಮ ಬಳಿಗೆ ಮೇಜರ್ ಬರಲಿಲ್ಲ, ಟ್ರೇಲರ್ ಬಂತು.

ನಾನು ಯಾರ ಪಡೆಯಲ್ಲಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಿಕ್ಕ ಇಬ್ಬರು ಅರ್ಜಿಯನ್ನು ಮುಂದೆ ಓದುವುದಿಲ್ಲ. ಸೇವಾ ವಿವರ ಮಾತ್ರ ಕೊಡುತ್ತೇನೆ. ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ತಂದುಕೊಟ್ಟ ಟೀವಿ ಗೇಮಿನ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಅಚ್ಚಾಗಿತ್ತು. ಹತ್ತೋ ಹನ್ನೆರಡೋ ಆದ ಮೇಲೆ ಅವೇ ತಿರುತಿರುಗಿ ಬರುತ್ತಿದ್ದವು. ಅದರೊಳಗೆ ಎಗರುತ್ತಿದ್ದ ಮೀಸೆಯ ಮಾರಿಯೋ ನಿಂಟೆಂಡೊದವರ ಕೂಸು ಎಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಕ್ಯೋಟೊದ ನಿಂಟೆಂಡೊ ಹಿರಿಯರು ಇದನ್ನು ತಪ್ಪೊಪ್ಪಿಗೆ ಎಂದು ಭಾವಿಸದೆ ಬಾಲ್ಯಸ್ಮರಣೆ ಎಂದು ಓದಿಕೊಳ್ಳಬೇಕಾಗಿ ಪ್ರಾರ್ಥನೆ.

ಸೇನೆಗೆ ಸೇರಿದ ಮೇಲೆ ಯುದ್ಧದ ಇತಿಹಾಸ ಓದಿದೆ. ಓದಿಯೂ ಬುದ್ಧಿ ಬರಲಿಲ್ಲ. ತೊಂಬತ್ತರ ದಶಕದ ಹೊಸ್ತಿಲಲ್ಲಿ ಸೇಗಾ ಕಂಪನಿ, ನಿಂಟೆಂಡೊ ಕೈಲಾಗದ್ದನ್ನು ನಾವು ಮಾಡುತ್ತೇವೆ ಎಂದು ಅಮೆರಿಕದ ತುಂಬ ಜಾಹೀರಾತು ಹಾಕಿ ಮಕ್ಕಳನ್ನು ಎರಡು ಪಾಳೆಯ ಮಾಡಿತು. 2001ರಲ್ಲಿ ಅದೇ ಸೇಗಾ ಪೆಟ್ಟಿಗೆ ಮಾಡುವ ಕಸುಬನ್ನೇ ಬಿಟ್ಟಿತು. ಆ ವರ್ಷ ಮುಗಿಯುವುದರೊಳಗೆ ಅದರ ನೀಲಿ ಮುಳ್ಳುಹಂದಿ ಸೋನಿಕ್ ನಿಂಟೆಂಡೊ ಯಂತ್ರದಲ್ಲಿ ಓಡುತ್ತಿತ್ತು. 2007ರಲ್ಲಿ ಮಾರಿಯೋ, ಸೋನಿಕ್ ಇಬ್ಬರೂ ಒಂದೇ ಒಲಿಂಪಿಕ್ಸ್ ಆಟದಲ್ಲಿ ಪಕ್ಕಪಕ್ಕ ನಿಂತರು. ಆ ಕಾಲದ ಯೋಧರಲ್ಲಿ ಯಾರಿಗಾದರೂ ಪರಿಹಾರ ಸಿಕ್ಕಿದ್ದರೆ ಆ ಆದೇಶದ ಪ್ರತಿಯನ್ನು ನನಗೂ ಕೊಡಿಸಬೇಕು.

ನಾನು ಹೆಚ್ಚು ರಕ್ತ ಸುರಿಸಿದ್ದು 2013ರಲ್ಲಿ. ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ಪಿಎಸ್4ಗೆ 399. ಮೈಕ್ರೋಸಾಫ್ಟ್‌ನವರು ಬಳಸಿದ ಡಿಸ್ಕ್‌ಗಳ ಕೈಬದಲಿಗೆ ಏನೇನೋ ಷರತ್ತು ಹಾಕಹೊರಟಿದ್ದರು. ಸೋನಿಯವರು ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟರು. ಗೆಳೆಯನಿಗೆ ಆಟ ಕೊಡುವುದು ಹೇಗೆ? ಒಬ್ಬ ಡಿಸ್ಕಿನ ಡಬ್ಬಿ ಚಾಚಿದ, ಇನ್ನೊಬ್ಬ ಈಸಿಕೊಂಡ, ಮುಗಿಯಿತು. ಅದನ್ನು ನಾನು ಐವತ್ತು ಸಲವಾದರೂ ನೋಡಿರಬೇಕು. ಹನ್ನೊಂದು ವರ್ಷ ಕಳೆದು 2024ರಲ್ಲಿ ಬಂದ ಪಿಎಸ್5 ಪ್ರೋ ಪೆಟ್ಟಿಗೆಗೆ ಡಿಸ್ಕ್ ಹಾಕುವ ಬಾಯಿಯೇ ಇರಲಿಲ್ಲ. ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಜೋಡಿಸಿಕೊಳ್ಳತಕ್ಕದ್ದು.

ಭಾರತದ ರಂಗದಲ್ಲಿ ಪರಿಸ್ಥಿತಿ ಇನ್ನೂ ಕಠಿಣ. 2020ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಿಕರಿಯಾದ ಪಿಎಸ್5 ಇಲ್ಲಿ ಕಾಲಿಟ್ಟದ್ದು 2021ರ ಫೆಬ್ರುವರಿ 2ರಂದು. ನಡುವಿನ ತಿಂಗಳುಗಳಲ್ಲಿ, ಊರಿಗೇ ಬಾರದ ಯಂತ್ರದ ಪರವಾಗಿ ನಮ್ಮವರು ಪ್ರಾಣ ಒತ್ತೆಯಿಟ್ಟು ಕಾದಿದರು. ಆಗಿನ ಬೆಲೆ 49,990 ರೂಪಾಯಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೂ 49,990. ಕಡುವೈರಿಗಳು ಹತ್ತು ರೂಪಾಯಿಯ ವಿಷಯದಲ್ಲೂ ಇಷ್ಟು ಒಮ್ಮತದಿಂದಿದ್ದುದನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಯುದ್ಧನಷ್ಟದಲ್ಲಿ ಒಬ್ಬ ಗೆಳೆಯನನ್ನೂ ಸೇರಿಸಿಕೊಳ್ಳಬೇಕು. ಬಸವನಗುಡಿಯವನು, ಎದುರು ಪಾಳೆಯದವನು. ಯಾವ ಪೆಟ್ಟಿಗೆಯಲ್ಲಿ ಹುಲ್ಲಿನ ಗರಿ ಹೆಚ್ಚು ಸ್ಪಷ್ಟ ಎಂಬ ವಿಷಯಕ್ಕೆ ಆರು ವರ್ಷ ಮಾತು ಬಿಟ್ಟಿದ್ದೆವು. ಮೊನ್ನೆ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕದಲ್ಲೇ ಬಿದ್ದ.

“ಏನೋ, ಈಗ ಏನು ಆಡ್ತಿದ್ದೀಯ?” ಅಂದೆ.

“ಮಗಳ ಜೊತೆ ಫೋನಲ್ಲಿ ಲೂಡೊ ಕಣೋ. ನೀನು?”

“ನಾನೂ ಅದೇ.”

ಸ್ವಲ್ಪ ಹೊತ್ತು ಇಬ್ಬರೂ ಕೋಸಂಬರಿ ನೋಡುತ್ತ ಕೂತೆವು.

ಇನ್ನು ಆಟದ ಬೆಲೆಯ ವಿಚಾರ. ಪಿಎಸ್5ರ ಹೊಸ ದೊಡ್ಡ ಆಟಕ್ಕೆ ಇಲ್ಲಿ 4,999 ರೂಪಾಯಿ ಎಂದಾಗ ನಮ್ಮ ಸೈನ್ಯ ಗಂಟೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ಸಮರ್ಥಿಸಿಕೊಂಡಿತು. ನೂರು ಗಂಟೆಯ ಆಟವಾದರೆ ಗಂಟೆಗೆ ಐವತ್ತು, ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್‌ಗಿಂತ ಅಗ್ಗ! ಈ ನ್ಯಾಯದಲ್ಲಿ ಎರಡು ಕಿಲೋ ಉಪ್ಪು ಸುರಿದ ಸಾರೂ ಲಾಭವೇ, ತೂಕ ಹೆಚ್ಚು ಬರುತ್ತದಲ್ಲ. 2023ರಲ್ಲಿ ಬ್ರಿಟನ್ನಿನ ಬಾಫ್ಟಾ ವರ್ಷದ ಅತ್ಯುತ್ತಮ ಆಟವೆಂದು ಆರಿಸಿದ್ದು ಐದು ಡಾಲರಿನ ‘ವ್ಯಾಂಪೈರ್ ಸರ್ವೈವರ್ಸ್’ ಅನ್ನು. ಅದರ ಎದುರಿಗೆ ‘ಎಲ್ಡನ್ ರಿಂಗ್’ ನಿಂತಿತ್ತು, ‘ಗಾಡ್ ಆಫ್ ವಾರ್’ ನಿಂತಿತ್ತು. ನಮ್ಮ ಪಾಳೆಯದಲ್ಲಿ ಆ ದಿನ ಯಾರೂ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ.

ಬೆಂಗಳೂರಿನವನ ನಿಜವಾದ ಲೆಕ್ಕ ಬೇರೆಯೇ ಇತ್ತು. ಡಿಸ್ಕ್ ಕೊಳ್ಳುವುದು, ಎರಡು ವಾರ ರಾತ್ರಿ ಕಣ್ಣು ಕೆಂಪು ಮಾಡಿಕೊಂಡು ಮುಗಿಸುವುದು, ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅಪರಿಚಿತನೊಬ್ಬನಿಗೆ ಐನೂರು ಕಡಿಮೆಗೆ ದಾಟಿಸುವುದು. ಆಟದ ಅಸಲು ಬೆಲೆ ಐನೂರು ರೂಪಾಯಿ, ಮೇಲೆ ಟಿಕೆಟ್ಟಿನ ಚಿಲ್ಲರೆ. ಡಿಸ್ಕಿಗೆ ಬಾಯಿಯಿಲ್ಲದ ಪೆಟ್ಟಿಗೆ ಬಂದದ್ದು ನನ್ನ ಮಟ್ಟಿಗೆ ಸೊಂಟ ಮುರಿದ ಏಟು. ಹಾಗಂತ ಡಿಸ್ಕ್ ಕೈಯಲ್ಲಿದ್ದರೆ ಆಟ ನಮ್ಮದೇ ಎಂದೂ ಇಲ್ಲ. ಯೂಬಿಸಾಫ್ಟ್‌ನ ‘ದಿ ಕ್ರೂ’ 2014ರ ಕಾರು ಆಟ. 2024ರಲ್ಲಿ ಸರ್ವರ್ ನಿಲ್ಲಿಸಿದರು, ಒಬ್ಬನೇ ಕೂತು ಆಡುತ್ತಿದ್ದವನ ಕಾರೂ ನಿಂತಿತು. ಸೋನಿಯವರ ‘ಕಾಂಕಾರ್ಡ್’ ಅದೇ ವರ್ಷದ ಆಗಸ್ಟ್ 23ರಂದು ಹುಟ್ಟಿ ಸೆಪ್ಟೆಂಬರ್ 6ರಂದು ತೀರಿಕೊಂಡಿತು. ಹದಿಮೂರನೇ ದಿನದ ವೈಕುಂಠ ಸಮಾರಾಧನೆಗೆ ಬೇಕಾಗುವಷ್ಟೇ ಆಯಸ್ಸು. ಆದರೆ ದುಡ್ಡು ವಾಪಸು ಕೊಟ್ಟರು, ಅದನ್ನು ಮರೆಮಾಚಬಾರದು.

ಪತ್ರಿಕೆಗಳವರ ಮೇಲೂ ನನ್ನ ದೂರಿದೆ, ಆದರೆ ಅದರಲ್ಲಿ ನಾನೇ ಮೊದಲನೇ ಆರೋಪಿ. ನಮ್ಮ ಲೋಕದಲ್ಲಿ ಹತ್ತಕ್ಕೆ ಏಳು ಎಂದರೆ ಫೇಲು. 2006ರಲ್ಲಿ ಗೇಮ್‌ಸ್ಪಾಟ್ ತಾಣ ‘ಜೆಲ್ಡಾ’ದ ಹೊಸ ಆಟಕ್ಕೆ 8.8 ಕೊಟ್ಟಿತು, ಅಭಿಮಾನಿಗಳು ಅದನ್ನು ಮಾನಭಂಗವೆಂದು ಬಗೆದರು. ಆ ಅಂಕ ಕೊಟ್ಟ ಜೆಫ್ ಗರ್ಸ್ಟ್‌ಮನ್ ಮರುವರ್ಷ ‘ಕೇನ್ ಅಂಡ್ ಲಿಂಚ್’ಗೆ ಆರು ಕೊಟ್ಟರು. ಆಗ ಅವರ ತಾಣದ ಮೈತುಂಬ ಅದೇ ಆಟದ ಜಾಹೀರಾತು. ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ‘ಫಾಲ್‌ಔಟ್: ನ್ಯೂ ವೇಗಸ್’ ಕಟ್ಟಿದವರಿಗೆ, ವಿಮರ್ಶಕರ ಅಂಕ ಕೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಸರಾಸರಿ 85 ಬಂದರೆ ಬೋನಸ್ ಎಂಬ ಕರಾರಿತ್ತು, ಬಂದದ್ದು 84. ಎಸ್ಸೆಸ್ಸೆಲ್ಸಿ ಬೋರ್ಡಿನಲ್ಲಾದರೂ ಗ್ರೇಸ್ ಮಾರ್ಕ್ಸ್ ಅಂತ ಒಂದಿತ್ತು.

ನಾನೋ, ವಿಮರ್ಶೆ ಓದುತ್ತಿದ್ದುದು ಆಟ ಕೊಂಡ ಮೇಲೆ. ತಾಳಿ ಕಟ್ಟಿಬಂದು ಜಾತಕ ತೋರಿಸಿದ ಹಾಗೆ. ಕೂಡಿಬಂದಿದೆ ಎಂದರೆ ಜೋಯಿಸ ಪಂಡಿತ, ಇಲ್ಲದಿದ್ದರೆ ಲಂಚ ತಿಂದವನು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ರ ಪಿಸಿ ಪ್ರತಿಯನ್ನು ಮಾತ್ರ ವಿಮರ್ಶಕರಿಗೆ ಕೊಟ್ಟಿದ್ದರು. ಅಂಕಗಳ ಸುರಿಮಳೆ ಕಂಡು ಹಳೆಯ ಕನ್ಸೋಲಿನವರು ಕೊಂಡರು. ವಾರ ಕಳೆಯುತ್ತಿದ್ದಂತೆ ಸೋನಿಯೇ ಅದನ್ನು ತನ್ನ ಅಂಗಡಿಯಿಂದ ಇಳಿಸಿತು. ಇಳಿಸುವ ಹಿಂದಿನ ರಾತ್ರಿಯವರೆಗೂ ನಾನು ಅದರ ಪರವಾಗಿ ವಾದಿಸುತ್ತಿದ್ದೆ, ನನ್ನ ಪರದೆಯ ಮೇಲೆ ಒಬ್ಬ ಮನುಷ್ಯ ಗೋಡೆಯೊಳಗೆ ಅರ್ಧ ಹೂತು ಸಿಗರೇಟು ಸೇದುತ್ತಿದ್ದಾಗಲೂ.

ರಾಜ್‌ಕುಮಾರ್ ತಮ್ಮ ಜನರನ್ನು ಅಭಿಮಾನಿ ದೇವರುಗಳು ಎಂದು ಕರೆದರು. ನಿಮ್ಮ ವರದಿಗಳಲ್ಲಿ ನಮ್ಮ ಹೆಸರು ಮಾಸಿಕ ಸಕ್ರಿಯ ಬಳಕೆದಾರರು. ಮೈಕ್ರೋಸಾಫ್ಟ್‌ನವರಂತೂ 2015ರಿಂದ ಎಷ್ಟು ಪೆಟ್ಟಿಗೆ ಮಾರಿದೆವು ಎಂದು ಹೇಳುವುದನ್ನೇ ಬಿಟ್ಟರು. ಸ್ಕೋರ್‌ಬೋರ್ಡ್ ಇಳಿಸಿದ ಮೈದಾನದಲ್ಲಿ ನಾವು ಹತ್ತು ವರ್ಷ ರನ್ ಓಡಿದ್ದೇವೆ.

ಆದಕಾರಣ ಸೂಕ್ತ ಪಿಂಚಣಿ ಮಂಜೂರು ಮಾಡಬೇಕು. ದಯವಿಟ್ಟು ಅದನ್ನು ಸ್ಟೋರ್ ಕ್ರೆಡಿಟ್ ರೂಪದಲ್ಲಿ ಕೊಡಬೇಡಿ. ಆಗದಿದ್ದರೆ ರಿಲೀವಿಂಗ್ ಲೆಟರ್ ಆದರೂ ಕಳಿಸಿ. ಬೆಂಗಳೂರಿನಲ್ಲಿ ಅದಿಲ್ಲದೆ ಇನ್ನೊಂದು ಕಡೆ ಸೇರಿಸಿಕೊಳ್ಳುವುದಿಲ್ಲ, ಲೂಡೊ ಬಿಟ್ಟು. ಮೂವರೂ ಒಂದೇ ಹಾಳೆಯಲ್ಲಿ ಸಹಿ ಹಾಕಿದರೆ ಸಾಕು, ಹೇಗೂ ಒಂದೇ ಪಂಕ್ತಿಯಲ್ಲಿ ಕೂತಿದ್ದೀರಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ, ತಾವು ಮೂವರೂ ಕಂಡರಿಯದವನು

ಪ್ರತಿ: ಬಸವನಗುಡಿಯ ಗೆಳೆಯನಿಗೆ, ಮಾಹಿತಿಗಾಗಿ.

ಅಡಕ: ಸೇವಾ ದಾಖಲೆಗಳ ಡಬ್ಬಿ ಒಂದು. ತೆರೆದರೆ ಒಳಗೆ ದಾಖಲೆ ಇರುವುದಿಲ್ಲ, ಕೋಡ್ ಬರೆದ ಚೀಟಿ ಇರುತ್ತದೆ. ಉಳಿದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳತಕ್ಕದ್ದು.