ಅಟ್ಟದ ಮೇಲಿನ ತಪಸ್ವಿ

ಓದದ ಹುಡುಗರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರನ್ನು ಕುರಿತು ಬರೆಯುವಷ್ಟು ವಿಶೇಷವೇನೂ ಅವರಲ್ಲಿಲ್ಲ. ಓದುವುದಕ್ಕೆ ಮುನ್ನ ಏಕಾಗ್ರತೆಯನ್ನು ಸಂಪಾದಿಸಿಕೊಳ್ಳಬೇಕೆಂದು ಹೊರಟು, ಆ ಸಂಪಾದನೆಯಲ್ಲಿಯೇ ವರ್ಷವನ್ನೆಲ್ಲ ಸವೆಸುವವನಾದರೋ ಬೇರೆಯೇ ವರ್ಗದವನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಅಡಕೆಯ ತೋಟವಿರುವ ಮನೆಗೊಬ್ಬನಂತೆ ಇಂಥವನು ದೊರೆಯುವನು. ನನ್ನ ಪಾಲಿಗೆ ಒದಗಿದವನು ಕೊಪ್ಪದ ನನ್ನ ಸೋದರಳಿಯ, ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿ. ಮನೆಯಲ್ಲಿ ಅವನಿಗೆ ತಪಸ್ವಿಯೆಂದೇ ಹೆಸರು.

ಪೂರ್ವಾಭಿಮುಖವಾಗಿ ಕುಳಿತರೆ ವಿದ್ಯೆ ಹತ್ತುವುದೆಂದು ಯಾರೋ ಹೇಳಿದ ದಿನವೇ ಮೇಜು ತಿರುಗಿತು. ತಿರುಗಿದ ಮೇಜಿನೆದುರಿನ ಕಿಟಕಿಯಲ್ಲಿ, ಮಳೆಯ ಬಿಡುವಿನಲ್ಲಿ ಮೈಲುತುತ್ತ ಸುಣ್ಣಗಳ ಕೊಳೆ ಔಷಧಿ ಹೊಡೆಯಲು ಮರವೇರಿದ ಕೊನೆಗಾರನು ಒಂದು ಮರದಿಂದ ಇನ್ನೊಂದಕ್ಕೆ ಜೀಕುವ ದೃಶ್ಯವು ಅತಿ ಮನೋಹರವಾಗಿ ಕಾಣುತ್ತಿದ್ದುದರಿಂದ, ಮಧ್ಯಾಹ್ನದ ವೇಳೆಗೆ ಮೇಜು ಅಟ್ಟಕ್ಕೇರಿತು. ಅಟ್ಟದಲ್ಲಿ ಹೆಂಚಿನ ಮೇಲೆ ಆಷಾಢದ ಮಳೆ. ಅದಕ್ಕೆ ಕಿವಿಗೆ ಹತ್ತಿ. ಹತ್ತಿಯಿಟ್ಟ ಮೇಲೆ ಊಟಕ್ಕೆ ಕರೆದದ್ದು ಕೇಳದೆ ಹೋದೀತೆಂಬ ಆತಂಕದಿಂದ ಗಳಿಗೆಗೊಮ್ಮೆ ಕೆಳಗಿಳಿದು ವಿಚಾರಣೆ! ಜ್ಞಾಪಕಶಕ್ತಿಗೆಂದು ನನ್ನ ಅಕ್ಕ ದಿನವೂ ಒಂದೆಲಗದ ತಂಬುಳಿ ಮಾಡುತ್ತಿದ್ದಳು; ಅದರಲ್ಲಿ ಕಲಸಿದ ಅನ್ನ ತರುವ ನಿದ್ರೆಗೆ ಮಾತ್ರ ನಮ್ಮ ಮಲೆನಾಡಿನ ಯಾವ ಸೊಪ್ಪಿನಲ್ಲಿಯೂ ಪರಿಹಾರವಿಲ್ಲ. ಕಡೆಗೆ ಚಿತ್ತಚಾಂಚಲ್ಯಕ್ಕೆಲ್ಲ ಮೊಬೈಲೇ ಮೂಲವೆಂದು ನಿರ್ಣಯಿಸಿ, ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟನು. "ಮಾಣೀ, ಡಬ್ಬಿಯೊಳಗೆ ಅಕ್ಕಿ ಗುಂಯ್ ಅಂತಿದ್ಯಲ್ಲೋ!" ಎಂದು ಅಕ್ಕ ಗಾಬರಿಯಿಂದ ಕೂಗಿದಳು. ಹತ್ತಿ ತುರುಕಿದ್ದ ಆ ಕಿವಿಗಳಿಗೆ ಅದೊಂದು ಕೂಗು ಎಷ್ಟು ಶೀಘ್ರವಾಗಿ ಮುಟ್ಟಿತೆಂಬುದನ್ನು ಶರೀರಶಾಸ್ತ್ರಜ್ಞರೇ ವಿವರಿಸಬೇಕು.

ಮನೆಯ ಗದ್ದಲವೇ ವಿಘ್ನವೆಂದು ನರಸಿಂಹರಾಜಪುರದ ಚಿಕ್ಕಮ್ಮನಲ್ಲಿಗೆ ಹೋದನು. ಅಲ್ಲಿ ಭದ್ರೆಯ ಹಿನ್ನೀರು, ಅಗಾಧ ನಿಶ್ಶಬ್ದ. ಹದಿನೈದು ದಿನಗಳ ತರುವಾಯ ಹಿಂದಿರುಗಿದಾಗ, ಲಕ್ಕವಳ್ಳಿಯ ಅಣೆಕಟ್ಟಿನ ಪೂರ್ಣಮಟ್ಟವಾದ 186 ಅಡಿಗೆ ನೀರು ಇನ್ನೆಷ್ಟು ಏರಬೇಕೆಂಬುದನ್ನು ಅಂಗುಲದ ಲೆಕ್ಕದಲ್ಲಿ ಹೇಳಬಲ್ಲವನಾಗಿದ್ದನು. ರಸಾಯನಶಾಸ್ತ್ರ ಮಾತ್ರ ಹೋದಾಗಿನ ಮಟ್ಟದಲ್ಲಿಯೇ ನಿಂತಿತ್ತು.

ಶಾರದಾಂಬೆಯ ಸನ್ನಿಧಿಗೆ ನಾನೇ ಕರೆದೊಯ್ದೆನು. ತುಂಗೆಯ ಮೆಟ್ಟಿಲುಗಳಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತ ಒಂದು ಗಂಟೆ ಅಲುಗದೆ ಕುಳಿತನೆಂಬುದನ್ನು ಒಪ್ಪಬೇಕು. ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳ ಮೇಲೆ ಆಯಾ ಮಾಸದಲ್ಲಿ ಸೂರ್ಯಕಿರಣ ಬೀಳುವುದೆಂಬ ಪ್ರತೀತಿಯನ್ನು ಕೇಳಿದೊಡನೆ, ತನ್ನ ರಾಶಿಯ ಕಂಬಕ್ಕೆ ಬಿಸಿಲು ತಾಗುವ ಮಾಸದಿಂದ ಓದನ್ನಾರಂಭಿಸುವುದೇ ಶ್ರೇಯಸ್ಕರವೆಂದನು. ಅವನದು ಮಿಥುನ. ಅದು ಆಗತಾನೆ ಕಳೆದಿತ್ತು. ಮುಂದಿನ ಮಿಥುನ ಪರೀಕ್ಷೆಯಾದ ಮೇಲೆ.

ಅಲ್ಲಿಂದ ಕಿಗ್ಗ. ಮಳೆ ಬರಲೆಂದೂ ನಿಲ್ಲಲೆಂದೂ ಜನರು ಪ್ರಾರ್ಥಿಸುವ ಋಷ್ಯಶೃಂಗೇಶ್ವರನ ಮುಂದೆ, ಹೆಂಚಿನ ಸದ್ದಡಗಲಿ ಎಂದು ತಪಸ್ವಿಯು ಬೇಡಿಕೊಂಡನು. ವಿಭಾಂಡಕರು ಹೊರಪ್ರಪಂಚದ ಗಾಳಿಯೂ ಸೋಕದಂತೆ ಮಗನನ್ನು ಬೆಳೆಸಿದ್ದನ್ನು ನಾನು ಉಪದೇಶರೂಪವಾಗಿ ವರ್ಣಿಸತೊಡಗಿದೆನು. ಉಪದೇಶಿಸುವವರಿಗೆ ಕಥೆಯ ಉತ್ತರಾರ್ಧ ನೆನಪಿರುವುದಿಲ್ಲ.

"ಅಷ್ಟು ದೊಡ್ಡವರ ಏಕಾಗ್ರತೆಯೇ ಕೆಟ್ಟಿತಲ್ಲ ಮಾವ? ಕೆಟ್ಟಿದ್ದಕ್ಕೇ ಅಂಗದೇಶದಲ್ಲಿ ಮಳೆಯಾಯ್ತು," ಎಂದನು.

ಹಿಂದಿರುಗುವ ಬಸ್ಸಿನಲ್ಲಿ ನಾನು ಮಾತನಾಡಲಿಲ್ಲ.

ಆ ರಾತ್ರಿ ಮಳೆ ಸುರಿದು ಕರೆಂಟು ಹೋಯಿತು. ಅಟ್ಟದಿಂದ ಸದ್ದಿಲ್ಲ, ಇಳಿದು ಬಂದು ವಿಚಾರಿಸುವ ಹೆಜ್ಜೆಯಿಲ್ಲ. ದೋಸೆಯ ಪರಿಮಳವೂ ಅವನನ್ನು ಕದಲಿಸದಿದ್ದಾಗ ಅಕ್ಕನ ಕಣ್ಣು ತೇವವಾಯಿತು. ನಾನು ಮೆಲ್ಲನೆ ಏಣಿಯೇರಿ ನೋಡಿದೆನು. ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ, ಗುಡುಗಿಗೂ ಸೊಳ್ಳೆಗೂ ನನ್ನ ನೆರಳಿಗೂ ಸಮಾನವಾಗಿ ನಿರ್ವಿಕಾರನಾಗಿ, ಅಡಿಕೋಲು ಹಿಡಿದು, ನಾಲ್ಕು ಬಣ್ಣಗಳಲ್ಲಿ ಹೊಸ ವೇಳಾಪಟ್ಟಿಯನ್ನು ಬರೆಯುತ್ತಿದ್ದನು. ಹೆಗಲು ಮುಟ್ಟಿದಾಗ, ತಲೆಯೆತ್ತದೆ ಎಡಗೈಯನ್ನಷ್ಟೇ ಮೇಲೆತ್ತಿ ತಡೆದನು.

"ಸ್ವಲ್ಪ ತಡೀರಿ ಮಾವ, ಕೆಂಪು ಶಾಯಿ ಇನ್ನೂ ಒಣಗಿಲ್ಲ."