ವಿಶ್‌ಲಿಸ್ಟ್ ಮಾಡ್ರಣ್ಣ

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರಲ್ಲಿ ಒಬ್ಬ ಹಸು ಕಟ್ಟುತ್ತಾನೆ, ಇನ್ನೊಬ್ಬ ಪಂಚಾಯಿತಿ ಎಲೆಕ್ಷನ್ನಿಗೆ ನಿಲ್ಲುತ್ತಾನೆ. ಇವನು ಗೇಮ್ ಮಾಡುತ್ತಾನೆ. ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಊರಲ್ಲಿ ಇವನನ್ನು ಗುರುತಿಸುವುದು ಸುಲಭ. ರಾತ್ರಿ ಹತ್ತೂವರೆಗೆ ಊರೆಲ್ಲ ಮಲಗಿದ ಮೇಲೆ, ಅಮೆರಿಕದಲ್ಲಿ ಹಗಲಾಗಿದೆಯೆಂದು ಎದ್ದು ಕೂತು ಪೋಸ್ಟ್ ಹಾಕುತ್ತಿರುತ್ತಾನೆ.

ಊರಿನ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿ ನೋಡಿ ಒಗಟಿನ ಆಟವೊಂದನ್ನು ಕಟ್ಟಿದ್ದಾನೆ. ಆಟ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಸ್ಟೀಮ್ ಎಂಬ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಗೆ 100 ಡಾಲರ್ ಕಟ್ಟಿ ಮಾರಾಟಕ್ಕಿಟ್ಟ. 2017ರಿಂದ ಯಾರು ಬೇಕಾದರೂ ಅಷ್ಟು ಕಟ್ಟಿ ಗೇಮ್ ಇಡಬಹುದು. ಯಾರು ಬೇಕಾದರೂ ಇಡುತ್ತಿರುವುದೇ ಪೇಚು. 2024ರಲ್ಲಿ ಅಲ್ಲಿಗೆ ಬಂದಿಳಿದದ್ದು 18 ಸಾವಿರಕ್ಕೂ ಹೆಚ್ಚು ಗೇಮ್, ದಿನಕ್ಕೆ ಐವತ್ತರ ಲೆಕ್ಕ. ಇವನದು ಬೆಳಗಾಗುವುದರೊಳಗೆ ಪಟ್ಟಿಯ ತಳ ಕಂಡಿತು.

ದೂರದ ಗಿರಾಕಿ ಸಿಗದಿದ್ದಾಗ ಹತ್ತಿರದವರನ್ನು ಹಿಡಿಯುತ್ತಾನೆ. ಅರಳಿಕಟ್ಟೆಯಲ್ಲಿ ‘ಗೇಮ್’ ಎಂದದ್ದೇ ತಡ, ದೊಡ್ಡಪ್ಪ ಗಾಬರಿ.

“ರಮ್ಮಿನೇನ್ಲಾ? ಸರ್ಕಾರದೋರು ಬಂದ್ ಮಾಡುದ್ರಲ್ಲ!”

2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು ಎಂದು ಇವನು ತಾಳ್ಮೆಯಿಂದ ವಿವರಿಸಿದ.

“ಹಂಗಾರೆ ನಿಂದು ಪುಗಸಟ್ಟೆನಾ?”

“ಇಲ್ಲ ದೊಡ್ಡಪ್ಪ, 349 ರೂಪಾಯಿ.”

“ಮತ್ತೆ ದುಡ್ಡು ಕಟ್ಟೇ ಆಡೋದಲ್ವೇನ್ಲಾ?”

ಹುಡುಗರ ಕಥೆ ಬೇರೆ. ಫ್ರೀ ಫೈರ್‌ನಿಂದ ತಲೆಯೆತ್ತದೆ, “ಫೋನಿಗೆ ಬರಲ್ವಾ?” ಎಂದು ಮುಗಿಸುತ್ತಾರೆ. ಕಿಕ್ಕೇರಿಯ ಮದುವೆಯೊಂದಕ್ಕೆ ಕ್ಯೂಆರ್ ಕೋಡ್ ಇರುವ ಕಾರ್ಡ್ ಅಚ್ಚು ಹಾಕಿಸಿಕೊಂಡು ಹೋಗಿ, “ವಿಶ್‌ಲಿಸ್ಟ್ ಮಾಡ್ರಣ್ಣ” ಎಂದು, ಅಂದರೆ ಕೊಳ್ಳಬೇಕೆಂದಿರುವ ಗೇಮ್‌ಗಳ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಹಂಚಿದ. ಹಿರಿಯರೊಬ್ಬರು ಫೋನ್‌ಪೇ ತೆಗೆದು, “ಮುಯ್ಯಿ ನೀನೇ ಬರ್ಕೊತಿದೀಯಾ ಮಗ?” ಎಂದರು.

ಇಷ್ಟಕ್ಕೆಲ್ಲ ಎದೆಗುಂದುವವನಲ್ಲ, ಉದಾಹರಣೆಗಳ ದಾಸ್ತಾನೇ ಇದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ಗೆ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದಷ್ಟು ಹಣ ಕೂಡಲಿಲ್ಲ, 2020ರಲ್ಲಿ ಅದೇ ಗೇಮ್ ನಿಂಟೆಂಡೊ ಸ್ವಿಚ್‌ನಲ್ಲಿ ಬಂತು. ‘ಅಮಾಂಗ್ ಅಸ್’ 2018ರಲ್ಲಿ ಬಿಡುಗಡೆಯಾಗಿ ಎರಡು ವರ್ಷ ಹೆಚ್ಚುಕಮ್ಮಿ ಮೂಲೆಯಲ್ಲಿತ್ತು. 2020ರಲ್ಲಿ ಟ್ವಿಚ್‌ನಲ್ಲಿ ಆಡಿ ತೋರಿಸುವವರ ಕಣ್ಣಿಗೆ ಬಿದ್ದ ಮೇಲೆ ಜಗತ್ತೇ ಆಡಿತು. ಈ ಕಥೆಯನ್ನು ಅವ್ವನಿಗೂ ಹೇಳಿದ.

“ಆಗ ಲಾಕ್‌ಡೌನು ಕಣಪ್ಪ, ಜನ ಮನೇಲಿದ್ರು. ನಿನ್ ಗೇಮಿಗೋಸ್ಕರ ಇನ್ನೊಂದ್ಸಲ ಕೊರೊನಾ ಬರ್ಬೇಕಾ?”

ಜಾಹೀರಾತು ತಜ್ಞರು ಯಾರೂ ಇಷ್ಟು ನೇರವಾಗಿ ಕೇಳಿರಲಾರರು.

ಸದ್ಯ ಅವನಿಗೆ ಬೇಕಾಗಿರುವುದು ಹತ್ತು ರಿವ್ಯೂ. ಅಷ್ಟಾಗದೆ ಸ್ಟೀಮ್ ಅಂಕವನ್ನೇ ತೋರಿಸುವುದಿಲ್ಲ. ಗೇಮ್ ತೆರೆಯುವ ಕೋಡನ್ನು, ಅಂದರೆ ಕೀಯನ್ನು, ಬಿಟ್ಟಿ ಕೊಟ್ಟು ಬರೆಸಿದ ಹೊಗಳಿಕೆ 2016ರಿಂದ ಲೆಕ್ಕಕ್ಕಿಲ್ಲ. ಕೀ ಕೇಳಿ ಮೇಲ್ ಬರೆಯುವ ‘ದೊಡ್ಡ ಯೂಟ್ಯೂಬರ್’ಗಳಲ್ಲೂ ಅರ್ಧದಷ್ಟು ಮಂದಿ ಅವನ್ನು ಅಗ್ಗಕ್ಕೆ ಮಾರಿಕೊಳ್ಳುವವರಿರಬೇಕು ಎಂಬ ಗುಮಾನಿ ಅವನಿಗೆ. ಕೊನೆಗೆ ಬೆಂಗಳೂರಿನ ಚಿಕ್ಕಪ್ಪನ ಮಗನಿಗೆ, ಕಂಪ್ಯೂಟರ್ ಇರುವ ಏಕೈಕ ನೆಂಟನಿಗೆ, ದುಡ್ಡು ಕೊಟ್ಟೇ ಕೊಂಡುಕೋ ಎಂದು ಅಂಗಲಾಚಿದ. ತಮ್ಮ ಕೊಂಡ. ಒಂದೂಮುಕ್ಕಾಲು ಗಂಟೆಯಲ್ಲಿ ಪೂರ್ತಿ ಆಡಿ ಮುಗಿಸಿ, ಮೆಚ್ಚಿ ನಾಲ್ಕು ಸಾಲು ಬರೆದ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ ಎಂಬುದನ್ನೂ ಓದಿಕೊಂಡ. ರಾತ್ರಿ ಫೋನ್ ಮಾಡಿದ.

“ಸೂಪರ್ ಕಣಣ್ಣ! 349 ವಾಪಸ್ ಬಂತು. ನಿಂಗೇನೂ ಲಾಸ್ ಆಗಿಲ್ಲ ತಾನೆ?”