ಕಲಾಶಿಕ್ಷಣದ ಉದ್ಧಾರ

ಲೋಕದ ಶಾಲೆಗಳಲ್ಲೆಲ್ಲ ಕಲೆಯನ್ನು ಉದ್ಧರಿಸಬೇಕೆಂಬ ಸದಾಶಯದಿಂದ ಯುನೆಸ್ಕೋ 2006ರಲ್ಲಿ ಲಿಸ್ಬನ್‌ನಲ್ಲಿಯೂ, 2010ರಲ್ಲಿ ಸೋಲ್‌ನಲ್ಲಿಯೂ, 2024ರಲ್ಲಿ ಅಬುಧಾಬಿಯಲ್ಲಿಯೂ ಮಹಾಸಭೆಗಳನ್ನು ನೆರವೇರಿಸಿತೆಂಬ ವಾರ್ತೆಯನ್ನು ಹೊತ್ತು, ಪ್ರೌಢಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು ಮುಖ್ಯೋಪಾಧ್ಯಾಯರ ಸನ್ನಿಧಿಗೆ ಬಂದರು.

“ಸಾರ್, ಫಿನ್ಲೆಂಡಿನಲ್ಲಿ ಗಂಡುಹುಡುಗರೂ ಹೊಲಿಗೆ ಕಲಿಯುವರಂತೆ, ವೆನಿಜುವೆಲಾದಲ್ಲಿ 1975ರಿಂದ ಬಡಮಕ್ಕಳ ಕೈಗೆ ಪಿಟೀಲು ಕೊಡುತ್ತಿರುವರಂತೆ.”

“ನಮ್ಮಲ್ಲೇನು ಕಡಮೆ, ಮೇಷ್ಟ್ರೇ? ಹಾರ್ಮೋನಿಯಂ ಇದೆಯಲ್ಲ!”

“ಬೀರುವಿನಲ್ಲಿದೆ, ಸಾರ್.”

“ನುಡಿಸಿದರೆ ಸವೆಯುತ್ತದೆ, ಸವೆದರೆ ಆಡಿಟ್‌ನವರಿಗೆ ಉತ್ತರ ಕೊಡುವವರಾರು?”

“ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯವಾಗಿರಲೆಂದು ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿದೆ.”

“ವೇಳಾಪಟ್ಟಿಯಲ್ಲಿ ಕಡ್ಡಾಯವಾಗಿಯೇ ಇದೆ, ಆ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುವರು, ಅಷ್ಟೆ. ಷೇಕ್ಸ್‌ಪಿಯರನನ್ನು ಹೆತ್ತ ಇಂಗ್ಲೆಂಡೇ 2010ರಲ್ಲಿ, ಶಾಲೆಗಳ ಯೋಗ್ಯತೆಯನ್ನಳೆಯಲು ಹೊಸೆದ ವಿಷಯಗಳ ಪಟ್ಟಿಯಲ್ಲಿ ಚಿತ್ರ, ಸಂಗೀತ, ನಾಟಕಗಳಿಗೆ ಎಡೆ ಕೊಡದಿರುವಾಗ, ನಾವು ಯಾವ ಗಿಡದ ತಪ್ಪಲು?”

“ಹಾಗಾದರೆ ನನ್ನ ಕೆಲಸ?”

“ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿತು, ಬೆಂಚುಗಳಿಗೆ ನಂಬರು ಬರೆಯಿರಿ. ಅಂಕಿಗಳು ಮಾತ್ರ ಕಲಾತ್ಮಕವಾಗಿರಲಿ!”